ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಹಾವೇರಿಗೆ ಸಮೀಪದ ಕರ್ಜಗಿಯಲ್ಲಿ ಕಾರಹುಣ್ಣಿಮೆಯ ಹಬ್ಬವನ್ನು ಒಮ್ಮೆ ಕಂಡವರು ಅದನ್ನು ಬೇಗನೆ ಮರೆಯಲಾರರು. ಜ್ಯೇಷ್ಠ ಮಾಸದ ಹುಣ್ಣಿಮೆ. ಮುಂಗಾರಿನ ಮೊದಲ ಮಳೆ ಬಿದ್ದು ಹೊಲಗಳು ಹದವಾಗುವ ಕಾಲ. ಎತ್ತುಗಳ ಮೈ ತೊಳೆದು, ಕೋಡುಗಳಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಝೂಲ ಹೊದಿಸಿ ಊರೊಳಗೆ ಓಡಿಸುತ್ತಾರೆ. ನೋಡಲು ಬಂದ ಜನಕ್ಕೆ ಬೀದಿಯ ಇಕ್ಕೆಲಗಳು ಸಾಲದೆ ಮಾಳಿಗೆಗಳ ಅಂಚುಗಳೂ ತುಂಬಿರುತ್ತವೆ. ಆ ಗದ್ದಲದ ನಡುವೆ ನಮ್ಮ ಕಣ್ಣಿಗೆ ಬಿದ್ದ ಒಂದು ಸಣ್ಣ ಸಂಗತಿಯಿಂದ ಈ ಭಾಷಣವನ್ನು ಮೊದಲು ಮಾಡುತ್ತೇವೆ. ಓಟದಲ್ಲಿ ಮುಂದಾಗಿ ಹೆಸರು ಪಡೆಯುವ ಎತ್ತುಗಳು ನಾಲ್ಕಾರು ಮಾತ್ರ. ಆದರೆ ಬಣ್ಣ ಕಾಣದ ಕೋಡು ಆ ದಿನ ಹುಡುಕಿದರೂ ಸಿಕ್ಕುವುದು ಕಷ್ಟ. ಮುದಿಯಾಗಿ ನೊಗಕ್ಕೆ ಬಾರದಾದ ಎತ್ತಿಗೂ, ಒಂದು ಕಾಲು ಎಳೆಯುವ ಎತ್ತಿಗೂ ಅದೇ ಬಣ್ಣ, ಅದೇ ಹೋಳಿಗೆಯ ತುಣುಕು. ಏಕೆಂದು ಒಬ್ಬ ರೈತನನ್ನು ಕೇಳಿದೆವು. “ಹಬ್ಬ ಎಲ್ಲಾ ಎತ್ತಿಂದ್ರೀ, ಓಡೋ ಎತ್ತಿಂದಷ್ಟ ಅಲ್ಲ” ಎಂದು ಆತ ನಮ್ಮ ಅಜ್ಞಾನಕ್ಕೆ ನಕ್ಕನು.

ಎತ್ತುಗಳ ವಿಷಯದಲ್ಲಿ ನಮ್ಮ ಜನ ನಡೆಸಿಕೊಂಡು ಬಂದ ಈ ನ್ಯಾಯ ಮಕ್ಕಳ ವಿಷಯದಲ್ಲಿ ಏಕೆ ನಡೆಯದೆಂಬುದೇ ಈ ಹೊತ್ತಿನ ನಮ್ಮ ಪ್ರಶ್ನೆ. ನಮ್ಮ ನಾಡಿನ ಯಾವ ಊರಿನದೇ ಆಗಲಿ, ಪ್ರಾಥಮಿಕ ಶಾಲೆಯ ಆಟದ ಬಯಲಿನ ಬದಿಗೆ ಹೋಗಿ ನಿಲ್ಲಿ. ಬಯಲಿನ ನಡುವೆ ಹತ್ತು ಹನ್ನೆರಡು ಮಂದಿ ಹುಡುಗರು ಆಡುತ್ತಿರುತ್ತಾರೆ. ಬೇವಿನ ಮರದ ನೆರಳಿನಲ್ಲಿ ಇನ್ನಷ್ಟು ಮಂದಿ ಕುಳಿತಿರುತ್ತಾರೆ. ಮೈ ದಪ್ಪವಾದವನು, ಉಬ್ಬಸದವನು, ಕಣ್ಣು ಮಂದವಾದವಳು, ಕಾಲು ಸೊಟ್ಟಗಿರುವವನು, ಇವಾವುದೂ ಇಲ್ಲದಿದ್ದರೂ ಚೆಂಡೆಂದರೆ ಬೆದರಿ ಕಣ್ಣು ಮುಚ್ಚುವ ಪುಕ್ಕಲು ಮಗು. ಆಟದ ಅವಧಿ ವೇಳಾಪಟ್ಟಿಯಲ್ಲಿ ಇವರಿಗೂ ಇದೆ. ಹಾಜರಿ ಪುಸ್ತಕದಲ್ಲಿ ಇವರ ಹೆಸರೂ ಇದೆ. ಇಲ್ಲದಿರುವುದು ಆಟ ಒಂದೇ.

ನಾವೂ ಇಂಥ ಒಂದು ಬಯಲಿನಲ್ಲಿ ಆಡಿ ಬೆಳೆದವರೇ. ನಮ್ಮ ತರಗತಿಯಲ್ಲಿ, ಎಡಗಾಲು ಪೋಲಿಯೊ ಬೇನೆಯಿಂದ ಸಣಕಲಾಗಿದ್ದ ಒಬ್ಬ ಗೆಳೆಯನಿದ್ದನು. ಶಾಲೆಯ ಹೆಸರಾಗಲಿ ಗೆಳೆಯನ ಹೆಸರಾಗಲಿ ಇಲ್ಲಿ ಬೇಡ. ಮಗ್ಗಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆಟದ ಗಂಟೆ ಬಾರಿಸಿತೆಂದರೆ ನಾವೆಲ್ಲ ಚಪ್ಪಲಿಗಳನ್ನು ಮರದ ಬುಡದಲ್ಲಿ ಗುಡ್ಡೆ ಹಾಕಿ ಓಡುತ್ತಿದ್ದೆವು. ಯಾರಾದರೊಬ್ಬರು ಹಿಂದಿರುಗಿ, “ನೀ ಇಲ್ಲೇ ಕುಂದ್ರಪಾ, ಚಪ್ಪಲಿ ಕಾಯಿ” ಎನ್ನುತ್ತಿದ್ದರು. ಹಾಗೆ ಹೇಳಿದವರಲ್ಲಿ ನಾವೂ ಇದ್ದೆವೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಾಸ್ತರರು ಗದರಿಸಲಿಲ್ಲ, ಅವರ ಎಣಿಕೆಯಲ್ಲಿಯೂ ಅದು ದಯೆಯೇ ಆಗಿತ್ತು. ಐದು ವರ್ಷ ಅವನು ಚಪ್ಪಲಿ ಕಾದನು.

ಆ ಬೇನೆಯೇನೋ ಈಗ ನಮ್ಮ ನಾಡಿನಿಂದ ತೊಲಗಿದೆ. 2011ರ ಜನವರಿಯ ತರುವಾಯ ಭಾರತದಲ್ಲಿ ಕಾಡು ಪೋಲಿಯೊ ವೈರಾಣುವಿನಿಂದ ಒಂದು ಮಗುವಿಗೂ ಬೇನೆ ತಗಲಿಲ್ಲ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವನ್ನೊಳಗೊಂಡ ಆಗ್ನೇಯ ಏಷ್ಯದ ವಲಯವನ್ನು ಪೋಲಿಯೊಮುಕ್ತವೆಂದು ಸಾರಿತು. ಬೇನೆ ಹೋಯಿತು, ಚಪ್ಪಲಿ ಕಾಯುವ ಕೆಲಸ ಮಾತ್ರ ಹೋಗಲಿಲ್ಲ. ಅದಕ್ಕೆ ಬೇರೆ ಬೇರೆ ಮಕ್ಕಳು ದೊರೆಯುತ್ತಲೇ ಇದ್ದಾರೆ.

ಇದಕ್ಕೆ ಕಾರಣವನ್ನು ಹುಡುಕುವಾಗ ಉಪಾಧ್ಯಾಯರನ್ನು ದೂರುವುದು ಸುಲಭ. ಅಂಗಸಾಧನೆ ನಮ್ಮ ಶಾಲೆಗಳಿಗೆ ಬಂದ ದಾರಿಯನ್ನು ಮೊದಲು ನೋಡಬೇಕು. 1813ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಪೆರ್ ಹೆನ್ರಿಕ್ ಲಿಂಗ್ ಎಂಬಾತನು ವ್ಯಾಯಾಮದ ಸಂಸ್ಥೆಯೊಂದನ್ನು ತೆರೆದು ಕ್ರಮಬದ್ಧವಾದ ಅಂಗಚಲನೆಗಳನ್ನು ಏರ್ಪಡಿಸಿದನು. ಅದು ಯೂರೋಪಿನ ಶಾಲೆಗಳಿಗೂ ದಂಡುಗಳಿಗೂ ಹರಡಿ, ಇಂಗ್ಲಿಷರ ಕೂಡ ನಮ್ಮಲ್ಲಿಗೆ ಬರುವ ಹೊತ್ತಿಗೆ ಕವಾಯತಾಗಿತ್ತು. ದಂಡಿನಿಂದ ನಿವೃತ್ತನಾದ ಹವಾಲದಾರನು ಡ್ರಿಲ್ ಮಾಸ್ತರನಾದನು. ಕವಾಯತಿನಲ್ಲಿ ಸಾಲು ಮುಖ್ಯ. ಸಾಲಿನಿಂದ ಒಂದು ಹೆಜ್ಜೆ ತಪ್ಪಿದವನು ಇಡೀ ಸಾಲನ್ನು ಕೆಡಿಸುವವನು. ಆದಕಾರಣ ಹೆಜ್ಜೆ ತಪ್ಪಬಹುದಾದ ಮಗುವನ್ನು ಸಾಲಿನ ಹೊರಗೆ ನಿಲ್ಲಿಸುವುದು ಆ ಪದ್ಧತಿಯ ಒಳಗಿನ ನ್ಯಾಯವೇ ಸರಿ.

ಇದಕ್ಕೆ ಬದಲಾಗಿ ಆಟಗಳನ್ನು ಮುಂದಿಟ್ಟವರು ಇರಲಿಲ್ಲವೆಂದಲ್ಲ. 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ವೈ.ಎಂ.ಸಿ.ಎ. ಸಂಸ್ಥೆಯ ಅಂಗಸಾಧನೆಯ ಶಾಲೆಯನ್ನು ತೆರೆದರು. ನಮ್ಮ ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿ ಸಾವಿರಾರು ತರುಣರಿಗೆ ಶಿಸ್ತನ್ನು ಕಲಿಸಿದರು. ಮುಂಬಯಿ ಸರಕಾರವು 1938ರಲ್ಲಿ ಕಾಂದಿವಲಿಯಲ್ಲಿ ವ್ಯಾಯಾಮ ಶಿಕ್ಷಕರ ತರಬೇತಿ ಸಂಸ್ಥೆಯನ್ನು ಸ್ಥಾಪಿಸಿತು. ಆಗ ಧಾರವಾಡ ಜಿಲ್ಲೆಯೆಲ್ಲ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು. (ಕರ್ಜಗಿಯ ಹೆಸರಿನ ಒಂದು ತಾಲ್ಲೂಕೇ ಆ ಕಾಲದಲ್ಲಿತ್ತು, ಹೆಸರು ಕರ್ಜಗಿಯದು, ಕಚೇರಿ ಹಾವೇರಿಯದು!) ಇವೆಲ್ಲ ದೊಡ್ಡ ಉದ್ಯಮಗಳು, ಇವುಗಳನ್ನು ಕಿರಿದುಮಾಡುವ ಉದ್ದೇಶ ನಮಗಿಲ್ಲ. ಆದರೆ ಆ ಕಾಲದಲ್ಲಿ ಅಂಗಸಾಧನೆಯೆಂದರೆ ದಂಡಿಗೆ ಸಿಪಾಯಿ ಬೇಕು, ಚಳವಳಿಗೆ ಸ್ವಯಂಸೇವಕ ಬೇಕು, ಕಾರಖಾನೆಗೆ ಗಟ್ಟಿಮುಟ್ಟಾದ ಆಳು ಬೇಕು ಎಂಬ ಮಾತೇ ಹೆಚ್ಚು. ಆರು ವರ್ಷದ ಮಗುವಿಗೆ ಏನು ಬೇಕೆಂಬ ಪ್ರಶ್ನೆ ಬಹಳ ತಡವಾಗಿ ಬಂದಿತು.

ಇನ್ನು ನಮ್ಮದೇ ಗರಡಿಯ ಸಂಪ್ರದಾಯಕ್ಕೆ ಶಾಲೆಯಲ್ಲಿ ಒದಗಿದ ಗತಿಯನ್ನು ನೋಡಿ. ಬಸ್ಕಿ ಗರಡಿಮನೆಯ ಹೆಮ್ಮೆ. ಪೈಲವಾನನು ನಿತ್ಯ ಎಷ್ಟು ಬಸ್ಕಿ ಹೊಡೆಯುವನೆಂಬುದರ ಮೇಲೆ ಅವನ ಮಾನ. ಅದೇ ಬಸ್ಕಿ ಶಾಲೆಯ ಹೊಸ್ತಿಲು ದಾಟಿದೊಡನೆ ಶಿಕ್ಷೆಯಾಯಿತು. ಲೆಕ್ಕ ತಪ್ಪಿದರೆ ಬಸ್ಕಿ. ತಡವಾಗಿ ಬಂದರೆ ಬಯಲಿಗೆ ಐದು ಸುತ್ತು ಓಟ. ಓಡುವುದನ್ನು ದಂಡನೆಯೆಂದು ಕಲಿಸಿದ ಮೇಲೆ, ಮಗು ಓಟವನ್ನು ಪ್ರೀತಿಸಬೇಕೆಂದು ನಿರೀಕ್ಷಿಸುವುದು ಹೇಗೆ? ಇದರ ಮೇಲೆ ಇನ್ನೊಂದು ಚೋದ್ಯವುಂಟು. ತರಗತಿಯಲ್ಲಿ ಗಲಾಟೆ ಮಾಡಿದವರಿಗೆ ಆಟದ ಅವಧಿಯೇ ರದ್ದು. ಓಡುವುದೂ ಶಿಕ್ಷೆ, ಓಡಗೊಡದಿರುವುದೂ ಶಿಕ್ಷೆ! ಪರೀಕ್ಷೆ ಹತ್ತಿರ ಬಂದಾಗಲಂತೂ ಆಟದ ಗಂಟೆಯನ್ನು ಗಣಿತದವರು ಕೇಳದೆಯೇ ತೆಗೆದುಕೊಳ್ಳುತ್ತಾರೆ. ಅದನ್ನು ಯಾರೂ ಕಳವೆಂದು ಎಣಿಸುವುದಿಲ್ಲ.

ಆಡುವ ಹೊತ್ತಿನಲ್ಲಾದರೂ ಎಷ್ಟು ಆಟ ನಡೆಯುತ್ತದೆಂಬುದನ್ನು ಲೆಕ್ಕ ಹಾಕಿ ನೋಡೋಣ. ತರಗತಿಯಲ್ಲಿ 40 ಮಕ್ಕಳು, ಅವಧಿ 40 ನಿಮಿಷ, ಚೆಂಡು ಒಂದು. ಸಾಲಾಗಿ ನಿಂತು ಒಬ್ಬೊಬ್ಬರೂ ಒಮ್ಮೆ ಎಸೆಯಬೇಕೆಂದರೆ ಒಂದು ಮಗುವಿನ ಪಾಲಿಗೆ ಬರುವುದು ಒಂದು ನಿಮಿಷ. ಉಳಿದ 39 ನಿಮಿಷ ಮುಂದಿನವನ ಬೆನ್ನು ನೋಡುವ ವ್ಯಾಯಾಮ. ಸಂಗೀತ ಕುರ್ಚಿಯ ಆಟವನ್ನು ತೆಗೆದುಕೊಳ್ಳಿ. ನಮ್ಮ ಶಾಲೆಗಳ ಹಬ್ಬಹುಣ್ಣಿಮೆಗಳಲ್ಲಿ ಅದಕ್ಕೆ ತಪ್ಪದ ಸ್ಥಾನ. 40 ಮಕ್ಕಳಿದ್ದರೆ ಒಟ್ಟು 39 ಸುತ್ತು. ಮೊದಲ ಸುತ್ತಿನಲ್ಲಿಯೇ ಕುರ್ಚಿ ಸಿಕ್ಕದ ಮಗು ಉಳಿದ 38 ಸುತ್ತುಗಳನ್ನು ಕುಳಿತು ನೋಡಬೇಕು. ಆ ಮಗು ಯಾರು? ಎಲ್ಲರಿಗಿಂತ ನಿಧಾನವಾಗಿ ಓಡುವುದು. ಎಂದರೆ ಓಟದ ಅಭ್ಯಾಸ ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದೆಯೋ ಅದು. ಓದಲು ಬಾರದ ಮಗುವಿನ ಕೈಯಿಂದ ಮೊದಲು ಪುಸ್ತಕ ಕಿತ್ತುಕೊಳ್ಳುವ ಉಪಾಧ್ಯಾಯರನ್ನು ನಾವು ಏನೆಂದು ಕರೆಯುತ್ತಿದ್ದೆವು? 5 ವರ್ಷದಿಂದ 17 ವರ್ಷದವರೆಗಿನ ಮಕ್ಕಳಿಗೆ ದಿನವೊಂದಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಿಸಿಯೇರುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ ಹೇಳಿದೆ; ಅಂಗವೈಕಲ್ಯವುಳ್ಳ ಮಕ್ಕಳಿಗೂ ಅದೇ ಮಾತನ್ನು ಪ್ರತ್ಯೇಕವಾಗಿ ಹೇಳಿದೆ.

ಹೀಗೆ ಶಾಲೆಯು ಹೊರಗಿಟ್ಟ ಮಗುವನ್ನು ಬೀದಿಯ ಮಕ್ಕಳು ತಮ್ಮದೇ ರೀತಿಯಲ್ಲಿ ಒಳಕ್ಕೆ ಕರೆದುಕೊಂಡಿದ್ದರೆಂಬುದು ಗಮನಿಸತಕ್ಕ ವಿಷಯ. ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ನಾವು ಈಗ ಕೆಲಸಕ್ಕೆ ಬಾರದ ಸಮಿತಿಯ ಸದಸ್ಯರನ್ನು ಕುರಿತು ಹಾಸ್ಯವಾಗಿ ಆಡುತ್ತೇವೆ. ಅದರ ಹುಟ್ಟು ಮಕ್ಕಳ ಆಟದಲ್ಲಿ. ಅಕ್ಕನ ಸೆರಗು ಹಿಡಿದು ಬಂದ ಮೂರು ವರ್ಷದ ತಮ್ಮನನ್ನು ಆಟಕ್ಕೆ ಸೇರಿಸಿಕೊಳ್ಳದಿದ್ದರೆ ಅವನು ಅಳುತ್ತಾನೆ; ಸೇರಿಸಿಕೊಂಡರೆ ಆಟ ಕೆಡುತ್ತದೆ. ಅದಕ್ಕಾಗಿ ಈ ಉಪಾಯ: ಅವನೂ ಓಡಲಿ, ಕೂಗಲಿ, ಮುಟ್ಟಿದರೆ ಔಟಲ್ಲ, ಗೆದ್ದರೆ ಅಂಕವಿಲ್ಲ. ಕರುಣೆಯೂ ಜಾಣತನವೂ ಕೂಡಿದ ಏರ್ಪಾಡಿದು. ಆದರೂ ಇದು ಅರ್ಧ ನ್ಯಾಯವೇ. ಮೂರು ವರ್ಷದವನಿಗೆ ಇಷ್ಟು ಸಾಕು. ಎಂಟು ವರ್ಷದ ಹುಡುಗನಿಗೆ ತಾನು ಲೆಕ್ಕಕ್ಕಿಲ್ಲವೆಂಬುದು ಒಂದು ಗಳಿಗೆಯಲ್ಲಿ ತಿಳಿದುಹೋಗುತ್ತದೆ. ಆಮೇಲೆ ಅವನು ತಾನಾಗಿಯೇ ಮರದ ಬುಡಕ್ಕೆ ಹೋಗಿ ಕುಳಿತುಕೊಳ್ಳುತ್ತಾನೆ.

ಲೆಕ್ಕಕ್ಕೂ ತೆಗೆದುಕೊಳ್ಳುವ ಬಗೆ ಹೇಗೆ? ಇದಕ್ಕೆ ದಾರಿಯನ್ನೂ ನಮ್ಮ ಹಳೆಯ ಆಟಗಳೇ ತೋರಿಸುತ್ತವೆಂದು ನಮ್ಮ ಅಭಿಪ್ರಾಯ. ಕುಂಟಾಟವೆಂದರೇನು? ಎರಡು ಕಾಲುಳ್ಳ ಮಕ್ಕಳೆಲ್ಲ ಬೇಕೆಂದೇ ಒಂದು ಕಾಲನ್ನು ಮಡಿಸಿಕೊಂಡು ಕುಂಟರಾಗುವುದು. ಕಣ್ಣು ಕಟ್ಟುವ ಆಟದಲ್ಲಿ ಕಣ್ಣುಳ್ಳವನು ಕುರುಡನಾಗುತ್ತಾನೆ. ನಮ್ಮ ಸೀಮೆಯ ಹುತುತುವಿನಲ್ಲಿ ಎದುರಾಳಿಗಳ ಅಂಕಣಕ್ಕೆ ನುಗ್ಗುವವನು ಉಸಿರನ್ನೇ ಬಿಗಿಹಿಡಿಯಬೇಕು. ಯಾವುದೋ ಒಂದು ಅಡಚಣೆಯನ್ನು ಎಲ್ಲರೂ ಒಪ್ಪಿ ಮೈಮೇಲೆ ಹಾಕಿಕೊಂಡರೆ ಅದೇ ಆಟ. ಅಡಚಣೆಯಿಲ್ಲದೆ ಆಟವೇ ಇಲ್ಲ. ಗಟ್ಟಿಮುಟ್ಟಾದವನನ್ನು ಒಂದು ಗಳಿಗೆ ಕುಂಟನನ್ನಾಗಿ ಮಾಡುವ ಶಕ್ತಿ ಆಟದ ನಿಯಮಕ್ಕೆ ಇರುವಾಗ, ಕುಂಟನನ್ನು ಒಂದು ಗಳಿಗೆ ಸರಿಸಮನನ್ನಾಗಿ ಮಾಡುವ ಶಕ್ತಿ ಅದಕ್ಕೇಕಿರಬಾರದು?

ಇದು ಬರಿಯ ತರ್ಕವಲ್ಲ. ಮಳೆ ಹಿಡಿದು ಬಯಲೆಲ್ಲ ಕೆಸರಾದ ಒಂದು ದಿನ ನಾವೆಲ್ಲ ಶಾಲೆಯ ಪಡಸಾಲೆಯಲ್ಲಿ ಸುಣ್ಣದ ಕಡ್ಡಿಯಿಂದ ಮನೆಗಳನ್ನು ಗೀಚಿ ಕುಂಟಾಟ ಆಡುತ್ತಿದ್ದೆವು. ಕಾಯಲು ಚಪ್ಪಲಿಗಳಿಲ್ಲದ ನಮ್ಮ ಗೆಳೆಯನು ಗೋಡೆ ಹಿಡಿದು ಎದ್ದು, “ನಂದೂ ಒಂದು ಪಾಳಿ” ಎಂದನು. ಅವನ ಬಲಗಾಲು ಹುಟ್ಟಿದಂದಿನಿಂದ ಇಬ್ಬರ ಕೆಲಸ ಮಾಡಿದ ಕಾಲು. ಬಿಲ್ಲೆಯನ್ನು ಒಂದು ಗೆರೆಗೂ ತಾಗಿಸದೆ ಅವನು ಮನೆಯಿಂದ ಮನೆಗೆ ದಾಟಿಸಿಕೊಂಡು ಹೋದುದನ್ನು ನಾವು ಬಾಯಿ ತೆರೆದು ನೋಡಿದೆವು. ಆ ಮಧ್ಯಾಹ್ನ ಅವನನ್ನು ಸೋಲಿಸಿದವರಿಲ್ಲ. ಮರುದಿನ ಬಿಸಿಲು ಬಂದಿತು. ನಾವು ಮತ್ತೆ ಬಯಲಿಗೆ ಓಡಿದೆವು. ಅವನು ಮತ್ತೆ ಮರದ ಬುಡಕ್ಕೆ ಹೋದನು. ಕಣ್ಣಾರೆ ಕಂಡ ಪಾಠವನ್ನು ಒಂದೇ ರಾತ್ರಿಯಲ್ಲಿ ಮರೆಯುವ ಶಕ್ತಿ ಮಕ್ಕಳಿಗೂ ಉಂಟು, ದೊಡ್ಡವರಿಗೂ ಉಂಟು.

ಒಂದು ಕಾಲಿನ ಬಲವೆಂಥದೆಂಬುದನ್ನು ಮುಂದೆ ಲೋಕವೇ ನೋಡಿತು. 2012ರಲ್ಲಿ ಲಂಡನ್ನಿನಲ್ಲಿ ನಡೆದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ, ಎಡಗಾಲಿನಲ್ಲಿ ಊನವಿದ್ದ ಹಾಸನ ಜಿಲ್ಲೆಯ ಗಿರೀಶ ನಾಗರಾಜೇಗೌಡರು 1.74 ಮೀಟರ್ ಎತ್ತರ ಹಾರಿ ಬೆಳ್ಳಿಯ ಪದಕವನ್ನು ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಅಂಧರ ಇಪ್ಪತ್ತು ಓವರುಗಳ ವಿಶ್ವಕಪ್ ಕ್ರಿಕೆಟ್ ನಡೆಯಿತು. ಪಾಕಿಸ್ತಾನವನ್ನು ಸೋಲಿಸಿ ಗೆದ್ದ ಭಾರತದ ತಂಡದ ನಾಯಕರು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕರು. ಗೆಲುವಿಗಿಂತ ಆ ಆಟದ ನಿಯಮಗಳು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದವು. ಚೆಂಡಿನೊಳಗೆ ಲೋಹದ ಗುಂಡುಗಳಿದ್ದು ಉರುಳುವಾಗ ಗಲಗಲ ಸದ್ದಾಗುತ್ತದೆ. ಎಸೆಯುವವನು ತೋಳನ್ನು ಮೇಲೆತ್ತದೆ ಕೆಳಗಿನಿಂದಲೇ ಎಸೆಯಬೇಕು. ಎಸೆಯುವ ಮುನ್ನ ಸಿದ್ಧವೇ ಎಂದು ಕೂಗಿ ಕೇಳಬೇಕು. ಹನ್ನೊಂದು ಮಂದಿಯಲ್ಲಿ ನಾಲ್ವರಾದರೂ ಪೂರ್ತಿ ಕಣ್ಣಿಲ್ಲದವರಿರಬೇಕು. ಇನ್ನು ಪೂರ್ತಿ ಕಣ್ಣಿಲ್ಲದವನು ಹೊಡೆದ ಓಟಗಳು ಎರಡರಷ್ಟಾಗಿ ಎಣಿಸಲ್ಪಡುತ್ತವೆ. ಕೇಳುಗರೇ, ಈ ಕೊನೆಯ ನಿಯಮವನ್ನು ದಯವಿಟ್ಟು ಗಮನಿಸಬೇಕು. ಇಲ್ಲಿ ಕರುಣೆಯಿಲ್ಲ, ರಿಯಾಯಿತಿಯ ಸೋಗೂ ಇಲ್ಲ. ಲೆಕ್ಕವನ್ನೇ ತಿದ್ದಿದ್ದಾರೆ. ಕಣ್ಣಿಲ್ಲದವನನ್ನು ತಂಡಕ್ಕೆ ಸೇರಿಸಿಕೊಂಡದ್ದು ಉಪಕಾರವೆಂದು ನಾಯಕನು ಭಾವಿಸುವಂತೆಯೇ ಇಲ್ಲ, ಅವನಿಲ್ಲದೆ ಪಂದ್ಯ ಗೆಲ್ಲುವುದು ಕಷ್ಟ.

ಇಷ್ಟು ಹೇಳಿದ ಮಾತ್ರಕ್ಕೆ, ಮರದ ನೆರಳಿನ ಮಕ್ಕಳೆಲ್ಲ ಪದಕ ತರಬೇಕೆಂದು ನಮ್ಮ ತಾತ್ಪರ್ಯವಲ್ಲ. ಪದಕದ ಆಸೆ ಹಚ್ಚಿ ಮತ್ತೊಂದು ಸಾಲು ಕಟ್ಟುವುದಾದರೆ ನೆರಳಿನಲ್ಲಿ ಕುಳಿತಿರುವುದೇ ವಾಸಿ.

ಕಾನೂನು ಏನು ಹೇಳುತ್ತದೆಂಬುದನ್ನೂ ಸಂಕ್ಷೇಪವಾಗಿ ಹೇಳಬೇಕಷ್ಟೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು; ಪ್ರತಿ ಶಾಲೆಗೂ ಆಟದ ಬಯಲು, ಆಟದ ಸಾಮಗ್ರಿಗಳು ಇರಬೇಕೆಂದು ಅದರ ಅನುಸೂಚಿ ವಿಧಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 16ನೆಯ ಪ್ರಕರಣವು ಅಂಥ ಮಕ್ಕಳಿಗೆ ಪಾಠದಲ್ಲಿ ಮಾತ್ರವಲ್ಲದೆ ಆಟದಲ್ಲಿಯೂ ಇತರರೊಡನೆ ಸಮಾನ ಅವಕಾಶ ಕೊಡಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಮೊದಲನೆಯ ಕಾಯಿದೆಯು ಅಂಗಸಾಧನೆಗೆ ಅರೆಕಾಲಿಕ ಬೋಧಕರನ್ನು ಕೇಳುವುದು 6ರಿಂದ 8ನೆಯ ತರಗತಿಯವರೆಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ. ಕಿರಿಯ ಪ್ರಾಥಮಿಕ ತರಗತಿಗಳಿಗೆ ಇಂಥವರು ಬೇಕೆಂಬ ಮಾತೇ ಅದರಲ್ಲಿ ಇಲ್ಲ. ಎಂದ ಮೇಲೆ ಸಣ್ಣ ಮಕ್ಕಳ ಆಟ ತರಗತಿಯ ಉಪಾಧ್ಯಾಯಿನಿಯ ಕೈಯಲ್ಲಿಯೇ ಉಳಿಯಿತು. ಕನ್ನಡ, ಗಣಿತ, ಪರಿಸರ ಪಾಠ, ಬಿಸಿಯೂಟದ ಮೇಲ್ವಿಚಾರಣೆ, ಜನಗಣತಿ, ಚುನಾವಣೆ ಇವೆಲ್ಲದರ ಜೊತೆಗೆ ಇದೊಂದು. ಅವರಿಗೆ ಉಪದೇಶಮಾಡಲು ನಮ್ಮಂಥ ಕಾಲೇಜಿನವರಿಗೆ ಬಾಯಿ ಬರಬಾರದು. ಆದ್ದರಿಂದ ನಾವು ಉಪದೇಶವನ್ನು ಬಿಟ್ಟು, ಕಂಡದ್ದೊಂದನ್ನು ಹೇಳುತ್ತೇವೆ.

ಕರ್ಜಗಿಯ ಸುತ್ತಿನ ಹಳ್ಳಿಯೊಂದರಲ್ಲಿ ಎರಡು ಕೋಣೆಯ ಶಾಲೆ. ಒಂದರಿಂದ ಐದನೆಯ ಇಯತ್ತೆಯವರೆಗೆ 31 ಮಕ್ಕಳು. ಬಯಲಿನ ಆಚೆಗೆ ಗೋವಿನಜೋಳದ ಹೊಲ. ಮಧ್ಯಾಹ್ನ ಮೂರು ಗಂಟೆಗೆ ಉಪಾಧ್ಯಾಯಿನಿಯವರು ಎಲ್ಲ ಮಕ್ಕಳನ್ನೂ ಲಗೋರಿಗೆ ಕರೆತಂದರು. ಚೆಂಡುಗಳು ಹಳೆಯ ಬಟ್ಟೆ ಸುತ್ತಿ ಹೊಲಿದವು, ಒಂದಲ್ಲ, ಆರು. ಬಿಲ್ಲೆಗಳ ಗುಡ್ಡೆಯೂ ಮೂರು ಕಡೆ. ಪಕ್ಷ ಕಟ್ಟುವಾಗ ಬಲಿಷ್ಠರಿಬ್ಬರು ನಿಂತು ಒಬ್ಬೊಬ್ಬರನ್ನು ಆರಿಸಿ, ಕೊನೆಗೆ ಯಾರಿಗೂ ಬೇಡವಾದ ಮಗುವೊಂದನ್ನು ಉಳಿಸುವ ಕ್ರೂರ ಪದ್ಧತಿ ಅಲ್ಲಿರಲಿಲ್ಲ. ಸರಿಜೋಡಿಯೆಂದು ತೋರುವ ಇಬ್ಬಿಬ್ಬರು ಹೆಗಲಿಗೆ ಕೈಹಾಕಿಕೊಂಡು ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು, “ಮಲ್ಲಿಗೆ ಬೇಕೋ ಸಂಪಿಗೆ ಬೇಕೋ?” ಎಂದು ಕೇಳುತ್ತಿದ್ದರು. ನಾಯಕಿ ಹೂವನ್ನು ಆರಿಸಿದಳೇ ಹೊರತು ಮಗುವನ್ನಲ್ಲ. ಇದು ನಮ್ಮ ಅಜ್ಜಿಯರ ಕಾಲದ ಬಗೆ. ಯಾರಿಗೂ ಬೇಡವೆನ್ನಿಸದಂತೆ ಪಕ್ಷ ಕಟ್ಟುವ ಇದಕ್ಕಿಂತ ಉತ್ತಮವಾದ ಉಪಾಯವನ್ನು ನಾವು ಯಾವ ಇಂಗ್ಲಿಷ್ ಪುಸ್ತಕದಲ್ಲಿಯೂ ಓದಿಲ್ಲ.

ಚೆಂಡೆಸೆಯಲು ನೆಲದ ಮೇಲೆ ಮೂರು ಗೆರೆಗಳಿದ್ದವು: ಒಂದು ಹತ್ತಿರ, ಒಂದು ನಡುವೆ, ಒಂದು ದೂರ. ಯಾವ ಗೆರೆಯಿಂದ ಎಸೆಯಬೇಕೆಂಬುದನ್ನು ಎಸೆಯುವವರೇ ಗೊತ್ತುಮಾಡಿಕೊಳ್ಳಬೇಕು. ಹುಡುಗರು ಜಂಭಕ್ಕೆ ದೂರದ ಗೆರೆಗೆ ಹೋಗಿ ತಪ್ಪಿದರು. ಒಂದೆರಡು ಸಲ ತಪ್ಪಿದ ಮೇಲೆ ತಾವಾಗಿಯೇ ನಡುಗೆರೆಗೆ ಬಂದರು. ಗುಂಪಿನಲ್ಲಿ ಕಣ್ಣು ತೀರ ಮಂದವಾದ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳಿದ್ದಳು. ಅವಳ ಪಾಳಿ ಬಂದಾಗ ಇನ್ನೊಬ್ಬಳು ಬಿಲ್ಲೆಗಳ ಹಿಂದೆ ಕುಳಿತು ಖಾಲಿ ಡಬ್ಬಿಯನ್ನು ಕಡ್ಡಿಯಿಂದ ಬಡಿಯತೊಡಗಿದಳು. ಹುಡುಗಿ ತಲೆ ವಾಲಿಸಿ ಆಲಿಸಿ ಎಸೆದಳು. ಮೊದಲನೆಯದು ತಪ್ಪಿತು, ಎರಡನೆಯದೂ ತಪ್ಪಿತು. ಮೂರನೆಯದು ಗುಡ್ಡೆಯನ್ನು ಕೆಡವಿತು. ಎದುರು ಪಕ್ಷದ ಹುಡುಗನೊಬ್ಬ ಕೂಡಲೆ ತಕರಾರು ತೆಗೆದನು: “ಡಬ್ಬಿ ಬಡದ್ರ ಮೋಸ ಅಲ್ಲೇನ್ರೀ ಅಕ್ಕೋರ?” ಆಕೆ ಶಾಂತರಾಗಿ, “ನಿನಗ ಕಾಣಸ್ತೈತಿ, ಅಕಿಗೆ ಕೇಳಸ್ತೈತಿ. ಬೇಕಾದ್ರ ನೀನೂ ಕಣ್ಣು ಕಟ್ಟಿಕೊಂಡು ಒಗದು ನೋಡು” ಎಂದರು. ಅವನು ಒಪ್ಪಿದನು. ಕಣ್ಣಿಗೆ ಟವೆಲ್ಲು ಕಟ್ಟಿದರು; ಡಬ್ಬಿ ಬಡಿದರು; ಚೆಂಡು ಗೋವಿನಜೋಳದ ಹೊಲಕ್ಕೆ ಹೋಗಿ ಬಿದ್ದಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ಆ ಹುಡುಗಿಯೇ. ಆಮೇಲೆ ಕಣ್ಣು ಕಟ್ಟಿಕೊಂಡು ಎಸೆಯಲು ಹುಡುಗರ ಸಾಲೇ ನಿಂತಿತು. ಡಬ್ಬಿಯ ಲಗೋರಿ ಅಲ್ಲಿ ಒಂದು ಹೊಸ ಆಟವಾಗಿ ಹುಟ್ಟಿದ್ದನ್ನು ನಾವು ಕಣ್ಣಾರೆ ನೋಡಿದೆವು.

ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. ದಪ್ಪಗಿದ್ದ ಹುಡುಗನೊಬ್ಬನು ಎಷ್ಟು ಕರೆದರೂ ಏಳಲಿಲ್ಲ. ಆಕೆ ಬಲವಂತ ಮಾಡಲಿಲ್ಲ. ಕಾಯಲು ಚಪ್ಪಲಿಯನ್ನೂ ಕೊಡಲಿಲ್ಲ. ಒಂದು ಚೆಂಡನ್ನು ಅವನ ಪಕ್ಕದಲ್ಲಿಟ್ಟು ಬಂದರು. ಗಂಟೆ ಬಾರಿಸುವ ಹೊತ್ತಿಗೆ ಅವನು ಕುಳಿತಲ್ಲಿಯೇ ಅದನ್ನು ಗೋಡೆಗೆ ಎಸೆದು ಹಿಡಿಯುತ್ತಿದ್ದನು. ಹೋದ ವರ್ಷ ಎಲ್ಲರೂ ಸೇರಿ ಅವನ ಓಟವನ್ನು ಅಣಕಿಸಿದ್ದರಂತೆ. “ಮಾತು ಆಡಿದ್ದು ಒಂದ ದಿನಾರೀ, ಅದನ್ನ ಮರಸಾಕ ಒಂದ ವರ್ಷ ಬೇಕು” ಎಂದು ಆಕೆ ಹೇಳಿದರು.

ಈ ಸಂಗತಿಯನ್ನು ನಮ್ಮ ಸಹೋದ್ಯೋಗಿಗಳಾದ ಒಬ್ಬ ಹಳೆಯ ಆಟಗಾರರಿಗೆ ಹೇಳಿದಾಗ ಅವರು ಅಸಮಾಧಾನಪಟ್ಟರು. “ಹೀಗೆ ಗೆರೆ ಹತ್ತಿರ ತಂದು, ಡಬ್ಬಿ ಬಡಿದು, ಎಲ್ಲರನ್ನೂ ಗೆಲ್ಲಿಸಿದರೆ ನಿಜವಾಗಿ ಓಡಬಲ್ಲ ಹುಡುಗನ ಗತಿಯೇನು? ಅವನ ಕಾಲಿಗೆ ಕಲ್ಲು ಕಟ್ಟಿದಂತಾಗುವುದಿಲ್ಲವೇ?” ಎಂದರು. ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಚೆನ್ನಾಗಿ ಓಡುವ ಮಗುವಿಗೆ ಚೆನ್ನಾಗಿ ಓಡಿ ಗೆಲ್ಲುವ ಸಂತೋಷ ಬೇಕೇ ಬೇಕು. ಅದಕ್ಕಾಗಿ ಹೋಬಳಿಯ ಪಂದ್ಯಗಳಿವೆ, ತಾಲ್ಲೂಕಿನವು, ಜಿಲ್ಲೆಯವು ಇವೆ, ಅವು ಇರಲಿ. ಈಗ ನಡೆಯುತ್ತಿರುವುದಾದರೋ ಬೇರೆ. ಪಂದ್ಯಗಳ ಕಾಲ ಬಂದಿತೆಂದರೆ ಶಾಲೆಯ ಹನ್ನೆರಡು ಮಂದಿಯ ಕಬಡ್ಡಿ ತಂಡವೇ ಬಯಲನ್ನೆಲ್ಲ ಹಿಡಿಯುತ್ತದೆ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಸಾಲಾಗಿ ನಿಂತ ಢಾಲುಗಳಿಂದಲೇ ಆಟದ ಮಾಸ್ತರರ ಯೋಗ್ಯತೆಯನ್ನು ಅಳೆಯುವ ತನಕ ಅವರಾದರೂ ಏನು ಮಾಡಿಯಾರು? ಪಂದ್ಯ ಕೆಲವರದು, ಆಟದ ಅವಧಿ ಎಲ್ಲರದು. ಭಾಷೆಯ ತರಗತಿಯಲ್ಲಿ ನಾಳೆ ಕವಿಯಾಗುವವನಿಗೆ ಮಾತ್ರ ಅಕ್ಷರ ಕಲಿಸುತ್ತೇವೆಯೇ?

ತರಗತಿಯೊಳಗೆ ಈ ಮಾತನ್ನು ನಾವು ಎಂದೋ ಒಪ್ಪಿದ್ದೇವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿಕಲಿ ಪದ್ಧತಿಯು ಕಾಲಕ್ರಮದಲ್ಲಿ ಕರ್ನಾಟಕದ ಸರಕಾರಿ ಶಾಲೆಗಳಿಗೆಲ್ಲ ಹರಡಿತು. ಬೇರೆ ಬೇರೆ ತರಗತಿಯ ಮಕ್ಕಳು ಅಲ್ಲಿ ಒಟ್ಟಿಗೆ ಕುಳಿತು ಕಲಿಯುತ್ತಾರೆ. ಪ್ರತಿಯೊಂದು ಮಗುವೂ ಕಲಿಕೆಯ ಏಣಿಯಲ್ಲಿ ತನ್ನದೇ ಮೆಟ್ಟಿಲಿನ ಮೇಲಿರುತ್ತದೆ. ಪಕ್ಕದವನು ಎರಡು ಮೆಟ್ಟಿಲು ಮೇಲಿದ್ದರೆ ಇವನು ಸೋತನೆಂದು ಯಾರೂ ಹೇಳುವುದಿಲ್ಲ. ಅಕ್ಷರಕ್ಕೆ ಒಂದೊಂದು ಮಗುವಿಗೂ ಒಂದೊಂದು ಮೆಟ್ಟಿಲನ್ನು ಕೊಟ್ಟೆವು; ಬಯಲಿಗೆ ಬಂದೊಡನೆ ಎಲ್ಲರಿಗೂ ಒಂದೇ ಸುಣ್ಣದ ಗೆರೆ, ಒಂದೇ ಶಿಳ್ಳೆ. ನಲಿಯುವುದನ್ನು ಒಳಗೆ ಕರೆತಂದವರು ಅದನ್ನು ಹೊರಗಿನ ಬಯಲಿಗೆ ಕೊಂಡೊಯ್ಯುವುದನ್ನು ಮರೆತರೋ ಏನೋ! ಬಯಲಿನಲ್ಲಿ ಆಗಬೇಕಾದ ಬದಲಾವಣೆಗಳೇನೂ ದುಬಾರಿಯವಲ್ಲ. ಕಿವಿ ಕೇಳದ ಮಗುವಿದ್ದಲ್ಲಿ ಶಿಳ್ಳೆಯ ಜೊತೆಗೆ ಒಂದು ಕೆಂಪು ಬಟ್ಟೆಯನ್ನು ಬೀಸಬಹುದು. ಚೆಂಡಿಗೆ ಪ್ಲಾಸ್ಟಿಕ್ ಚೀಲ ಸುತ್ತಿದರೆ ಸರಸರನೆ ಸದ್ದಾಗಿ ಕಣ್ಣು ಮಂದವಾದವರಿಗೆ ಅದು ಬರುವ ದಿಕ್ಕು ತಿಳಿಯುತ್ತದೆ. ಔಟಾದವನು ಕುಳಿತುಕೊಳ್ಳುವ ಬದಲು ಎದುರು ಪಕ್ಷಕ್ಕೆ ಸೇರಿಕೊಳ್ಳಲಿ. ಕೊನೆಯವರೆಗೂ ಎಲ್ಲರೂ ಓಡುತ್ತಿರುತ್ತಾರೆ. ಓಟದಲ್ಲಿ ಪಕ್ಕದವನೊಡನೆ ಹೋಲಿಸುವುದರ ಬದಲು ಹೋದ ತಿಂಗಳ ತನ್ನ ಗುರುತನ್ನೇ ಮೀರಿದರೆ ತಂಡಕ್ಕೊಂದು ಅಂಕವಿರಲಿ. ಇಂಥವನ್ನು ನಾವು ಕುರ್ಚಿಯಲ್ಲಿ ಕುಳಿತು ಯೋಚಿಸುವುದಕ್ಕಿಂತ ಮಕ್ಕಳನ್ನೇ ಕೇಳುವುದು ಮೇಲು. ನಿಯಮ ಕಟ್ಟುವುದರಲ್ಲಿಯೂ ಅದನ್ನು ಕುರಿತು ಜಗಳವಾಡುವುದರಲ್ಲಿಯೂ ಅವರಷ್ಟು ಅನುಭವ ಶಾಸನಸಭೆಯವರಿಗೂ ಇರಲಾರದು.

ನಮಗೆ ಕೊಟ್ಟ ವೇಳೆ ಮುಗಿಯುತ್ತ ಬಂದಿತು. ಮೊದಲಿಗೆ ಹೇಳಿದ ಹಬ್ಬಕ್ಕೆ ನಾವು ಹೋದದ್ದು ಎತ್ತುಗಳನ್ನು ನೋಡುವುದಕ್ಕೆ ಮಾತ್ರವಾಗಿರಲಿಲ್ಲ. ಆ ಗೆಳೆಯನು ಈಗ ಅಲ್ಲಿಗೆ ಸಮೀಪದಲ್ಲಿಯೇ ಒಂದು ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಮೂವತ್ತು ವರ್ಷಗಳ ಮೇಲೆ ನಮ್ಮನ್ನು ಕಂಡೊಡನೆ ಗುರುತುಹಿಡಿದು, ಗಲ್ಲೆಯ ಹಿಂದಿನಿಂದ ಎದ್ದು ಬಂದು ಚಹಾ ತರಿಸಿದನು. ಹಳೆಯ ಮಾತುಗಳೆಲ್ಲ ಬಂದವು. ಮಗ್ಗಿಯ ಮಾತು, ಮಾಸ್ತರರ ಮಾತು, ಮಳೆಯ ದಿನದ ಕುಂಟಾಟದ ಮಾತು. ಕೊನೆಗೆ ನಾವು ಬಹಳ ಹಿಂಜರಿದು, ಮರದ ಬುಡದ ಆ ಕೆಲಸವನ್ನು ಎತ್ತಿದೆವು. ಹೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡು ಹೋಗಿದ್ದ ಮಾತು ಬಾಯಿಗೆ ಬರಲಿಲ್ಲ. ಅವನು ಬೀದಿಯಲ್ಲಿ ಓಡುತ್ತಿದ್ದ ಎತ್ತುಗಳನ್ನು ನೋಡುತ್ತಲೇ ನಕ್ಕು ಹೇಳಿದನು:

“ಐದು ವರ್ಷದಾಗ ಒಂದು ಚಪ್ಪಲಿ ಕಳೀಲಿಲ್ಲ ನೋಡಪಾ.”